‘ಡಾಕ್ಟ್ರೇ, ನೀವೂ ಸೈಕಿಕ್ಕಾ?’

ಪ್ರಶ್ನೆ: ಯೂಟ್ಯೂಬಿನಲ್ಲಿ ಭವಿಷ್ಯ ಹೇಳುವವರೊಬ್ಬರು ತಾವು ‘ಸೈಕಿಕ್’ ಅಂತಾರೆ. ನೀವು ಸೈಕಿಯಾಟ್ರಿಸ್ಟ್. ಎರಡಕ್ಕೂ ಬೇರು ಒಂದೇ ಅಂತೆ. ಹಾಗಾದರೆ ವಿದ್ಯೆಯೂ ಒಂದೇ ಅಲ್ವಾ?
– ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಇಂಥ ಪತ್ರ ಎಷ್ಟನೆಯದೋ, ಎಣಿಸೋದು ಬಿಟ್ಟಿದ್ದೇನೆ. ಬೇರು ಒಂದೇ, ಒಪ್ಪಿದೆ. ಗ್ರೀಕಿನ ‘ಪ್ಸೂಖೆ’ ಅಂದರೆ ಮೊದಲು ಉಸಿರು, ಆಮೇಲೆ ಜೀವ, ಮನಸ್ಸು. ನಮ್ಮಲ್ಲೂ ಉಸಿರು ನಿಂತಿತು ಅಂದರೆ ಜೀವ ಹೋಯಿತು ಅಂತ ತಾನೇ? (ಚಿಟ್ಟೆಗೂ ಗ್ರೀಕರು ಇದೇ ಹೆಸರಿಟ್ಟಿದ್ದರು. ನನಗಿಷ್ಟವಾದ ಅರ್ಥ ಅದು.) ಇದಕ್ಕೆ ವೈದ್ಯಕ್ಕೆ ಸಂಬಂಧಿಸಿದ ಗ್ರೀಕ್ ಪದ ಸೇರಿಸಿ, 1808ರಲ್ಲಿ ಜರ್ಮನ್ ವೈದ್ಯ ಯೋಹಾನ್ ಕ್ರಿಶ್ಚಿಯನ್ ರೈಲ್ ನಮ್ಮ ಕಸುಬಿಗೆ ‘ಸೈಕಿಯಾಟ್ರಿ’ ಎಂಬ ಹೆಸರು ಕೊಟ್ಟರು.

ಭವಿಷ್ಯ ಹೇಳುವವರ ‘ಸೈಕಿಕ್’ ಕತೆಯೇ ಬೇರೆ. ಡೇನಿಯಲ್ ಹೋಮ್ ಎಂಬಾತ ಲಂಡನ್ನಿನಲ್ಲಿ ಮೇಜಿನಡಿ ಪಂಜರದೊಳಗಿಟ್ಟ ಅಕಾರ್ಡಿಯನ್ನನ್ನು, ನಮ್ಮ ಹಾರ್ಮೋನಿಯಂ ಥರದ್ದು, ಕೀಲಿಮಣೆ ಮುಟ್ಟದೆ ನುಡಿಸಿ ತೋರಿಸುತ್ತಿದ್ದ. ಥ್ಯಾಲಿಯಂ ಎಂಬ ಲೋಹ ಕಂಡುಹಿಡಿದ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಅಂಥವರೇ ಬೆರಗಾದರು. 1871ರಲ್ಲಿ ಎಡ್ವರ್ಡ್ ಕಾಕ್ಸ್ ಆ ಕಾಣದ ಬಲಕ್ಕೆ ‘ಸೈಕಿಕ್ ಫೋರ್ಸ್’ ಅಂದರು. ಕಾಕ್ಸ್ ವಕೀಲರು, ವೈದ್ಯರಲ್ಲ. ಬಲ ಸಿಗಲಿಲ್ಲ, ಹೆಸರು ಉಳಿಯಿತು. ಜಾದೂಗಾರ ಜೇಮ್ಸ್ ರ‍್ಯಾಂಡಿ ಇಂಥ ಶಕ್ತಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡ್ತೀನಿ ಅಂತ ವರ್ಷಗಟ್ಟಲೆ ಕಾದರು. ಯಾರೂ ಗೆಲ್ಲಲಿಲ್ಲ.

ಮೊನ್ನೆ ಜಗಳೂರು ಕಡೆಯ ತಾಯಿಯೊಬ್ಬರು ಮಗನನ್ನು ಕರೆತಂದರು. ಹುಡುಗನ ಮುಂಗೈಯಲ್ಲಿ ಮೂರು ಮಂತ್ರದ ದಾರ, ಕಣ್ಣಡಿ ಕಪ್ಪು. ‘ಏನಾಗ್ತಿದೆಯಮ್ಮ?’ ಅಂದೆ. ‘ನೀವೇ ಹೇಳ್ಬೇಕಲ್ರೀ ಸಾರ್. ದಾರ ಕಟ್ಟಿದೋರು ನಾವು ಬಾಯಿ ಬಿಡೋಕೆ ಮುಂಚೇನೇ ಹೇಳಿದ್ರು.’ ಏನು ಹೇಳಿದರಂತೆ? ಮನೆ ಮೇಲೆ ಹತ್ತಿರದವರದ್ದೇ ಕಣ್ಣು ಬಿದ್ದಿದೆ ಅಂತ! ಈ ಮಾತು ಯಾರ ಮನೆಗೆ ಹೊಂದಲ್ಲ ಹೇಳಿ? ನಾನಾದರೆ ಕೇಳಿಯೇ ತಿಳಿಯಬೇಕು. ನಿದ್ದೆ ಎಂದಿನಿಂದ ಇಲ್ಲ, ಊಟ ಸೇರುತ್ತಾ, ಕಿವಿಯಲ್ಲಿ ಯಾರಾದರೂ ಮಾತಾಡಿದ ಹಾಗೆ ಆಗುತ್ತಾ. ಮುಕ್ಕಾಲು ಗಂಟೆ ಹಿಡಿಯಿತು. ಆ ದಾರಗಳಿಗೆ ಸುರಿದ ದುಡ್ಡು ಕೇಳಿ ನನಗೇ ನಿದ್ದೆ ಬರಲಿಲ್ಲ.

ಪ್ರಶ್ನೆ: ಅಮಾವಾಸ್ಯೆ ದಿನ ಮಾತ್ರೆ ಬಿಡಬೇಕಾ?

ಉತ್ತರ: ಬೇಡ. ಮಾತ್ರೆ ಪಂಚಾಂಗ ಓದಲ್ಲ.

ಪ್ರಶ್ನೆ: ‘ಸೈಕೋ’ ಅಂದರೆ ಯಾವ ಕಾಯಿಲೆ?

ಉತ್ತರ: ಯಾವುದೂ ಅಲ್ಲ, ಬೈಗುಳ. ನನ್ನ ರೋಗಿಗಳಿಗೆ ಅನ್ನಬೇಡಿ.

ಪ್ರಶ್ನೆ: ನಿಮ್ಮ ಕ್ಲಿನಿಕ್ಕಿಗೆ ಬಂದರೆ ಬೀದಿಯವರು ನೋಡ್ತಾರೆ. ಏನು ಮಾಡಲಿ?

ಉತ್ತರ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆದರೆ ಅವರೂ ಪ್ರಶ್ನೆ ಕೇಳ್ತಾರೆ, ಬೇಜಾರಾಗಬೇಡಿ.