ಸಿಕಮೋರ್ ಮರಕ್ಕೆ ರೋಗ, ನನಗೆ ಸೀನು: ಸಂಬಂಧ ಇದೆಯಾ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಮನೆ ಮುಂದೆ ದೊಡ್ಡ ಸಿಕಮೋರ್ ಮರವಿದೆ. ಏಪ್ರಿಲ್ ಕೊನೆಗೆ ಚಿಗುರುತ್ತದೆ, ಮೇ ತಿಂಗಳಲ್ಲಿ ಎಳೆ ಎಲೆಗಳೆಲ್ಲ ಕಂದಾಗಿ, ಬೆಂಕಿ ತಾಗಿದಂತೆ ಮುದುಡಿ ಉದುರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ನನಗೆ ಸೀನು, ಕಣ್ಣುರಿ, ಗಂಟಲು ಕೆರೆತ. ಮರದ ರೋಗವೇ ಕಾರಣ, ಕಡಿಸಿಬಿಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಕಡಿಸಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಆಂಥ್ರಾಕ್ನೋಸ್. ಊರಲ್ಲಿ ಮಾವಿನ ತೋಟದವರು ಚಿಬ್ಬು ರೋಗ ಅಂತಾರಲ್ಲ, ಅದೇ ಜಾತಿಯ ಕಾಯಿಲೆ, ತರುವ ಶಿಲೀಂಧ್ರ ಮಾತ್ರ ಬೇರೆ. ಚಿಗುರುವ ಹೊತ್ತಿಗೆ ಚಳಿ, ಮಳೆ ಎರಡೂ ಇದ್ದರೆ ಇದು ಜೋರಾಗುತ್ತದೆ. ಚಿಗುರಿದ ಮೊದಲ ಎರಡು ವಾರ ದಿನದ ಸರಾಸರಿ ಉಷ್ಣಾಂಶ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಎಲೆಗಳ ಗತಿ ಮುಗಿಯಿತು, 16 ದಾಟಿದರೆ ಹೆಚ್ಚು ಹಾನಿ ಇಲ್ಲ. ಮರ ಸತ್ತೇ ಹೋಯಿತು ಅನ್ನಿಸುತ್ತದೆ, ಆದರೆ ಬಿಸಿಲು ಬಲಿತ ಮೇಲೆ ಜೂನ್‌ನಲ್ಲಿ ಮತ್ತೆ ಚಿಗುರುತ್ತದೆ. ಈ ರೋಗಕ್ಕೆ ಬಲಿತ ಮರ ಸಾಯುವುದು ತೀರಾ ಅಪರೂಪ.

ಈಗ ನಿಮ್ಮ ಮೂಗಿನ ವಿಷಯ. ಈ ಶಿಲೀಂಧ್ರದ ಬೀಜಕಣಗಳು ಅಂಟಂಟು. ಮಳೆಹನಿ ಸಿಡಿದಾಗ ಎಲೆಯಿಂದ ಎಲೆಗೆ ಹೋಗುತ್ತವೆಯೇ ಹೊರತು, ಗಾಳಿಯಲ್ಲಿ ತೇಲಿ ನಿಮ್ಮ ಕಿಟಕಿಯೊಳಗೆ ಬರುವಂಥವಲ್ಲ. ಹಾಗಾಗಿ ರೋಗದ ಮೇಲೆ ತಪ್ಪು ಹೊರಿಸಲು ಆಗದು. ಎರಡೂ ಒಂದೇ ತಿಂಗಳಲ್ಲಿ ಬರುತ್ತವೆ, ಅಷ್ಟೇ.

ಹಾಗಾದರೆ ಯಾವುದು? ಸಿಕಮೋರ್ ಹೂ ಬಿಡುವುದೂ ಚಿಗುರುವಾಗಲೇ. ಅದರ ಪರಾಗ ಗಾಳಿಯಲ್ಲೇ ಹಾರುವುದು, ಕೆಲವರಿಗೆ ಅದರಿಂದ ನಿಜವಾಗಿಯೂ ಅಲರ್ಜಿ ಆಗುತ್ತದೆ. ಆದರೆ ಅದೇ ವಾರಗಳಲ್ಲಿ ಓಕ್, ಬರ್ಚ್ ಕೂಡ ಹೂ ಬಿಟ್ಟಿರುತ್ತವೆ, ಹಿಂದೆಯೇ ಹುಲ್ಲಿನ ಪರಾಗ ಶುರುವಾಗುತ್ತದೆ. ಎದುರಿಗೆ ಕಾಣುವ ಮರವೇ ಕಳ್ಳ ಅಂತ ಅನ್ನಿಸುವುದು ಸಹಜ, ಅಲ್ವಾ? ಅಲರ್ಜಿ ವೈದ್ಯರ ಹತ್ತಿರ ಚರ್ಮದ ಪರೀಕ್ಷೆ ಮಾಡಿಸಿ. ಅದರಲ್ಲಿ ಸಿಕಮೋರ್ ಬರದೇ ಓಕ್ ಬಂದರೆ, ನಿಮ್ಮ ಮರ ಕಡಿದೂ ನಿಮ್ಮ ಸೀನು ನಿಲ್ಲುತ್ತಿರಲಿಲ್ಲ.

ಇನ್ನೊಂದಿದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಸಿಕಮೋರಿನ ಎಳೆ ಎಲೆಯ ಮೇಲೆ ನಕ್ಷತ್ರದಾಕಾರದ ಸಣ್ಣ ಸಣ್ಣ ರೋಮಗಳಿರುತ್ತವೆ, ಎಲೆ ಬಲಿಯುತ್ತಾ ಅವು ಕಳಚಿ ಗಾಳಿಗೆ ಹಾರುತ್ತವೆ. ಜೋಳದ ರಾಶಿ ಮಾಡುವಾಗ ಸುಂಕು ಹಾರಿ ಕುತ್ತಿಗೆ, ಕಣ್ಣು, ಗಂಟಲೆಲ್ಲ ನವೆಯಾಗುತ್ತದಲ್ಲ, ಇದೂ ಹಾಗೇ. ಇದು ಅಲರ್ಜಿ ಅಲ್ಲ, ಚುಚ್ಚುವುದು. ಅಲರ್ಜಿ ಇಲ್ಲದವರಿಗೂ ಕೆಮ್ಮು ಬರಿಸುತ್ತದೆ, ಅಲರ್ಜಿ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ರೋಗಕ್ಕೂ ನಿಮ್ಮ ತೊಂದರೆಗೂ ಏನಾದರೂ ನಂಟಿದ್ದರೆ ಅದು ಇಲ್ಲಿರಬಹುದು ಅಂತ ನನ್ನ ಲೆಕ್ಕ: ಮೊದಲ ಎಲೆ ಉದುರಿ ಜೂನ್‌ನಲ್ಲಿ ಎರಡನೇ ಚಿಗುರು ಬಂದಾಗ, ಅದಕ್ಕೂ ಹೊಸ ಸುಂಕು ಇದ್ದೇ ಇರುತ್ತದೆ. ಒಣ ಗಾಳಿ ಬೀಸುವ ದಿನ ಕನ್ನಡಕ ಹಾಕಿಕೊಳ್ಳಿ, ಬಟ್ಟೆ ಹೊರಗೆ ಒಣಹಾಕಬೇಡಿ, ಒಳಗೆ ಬಂದ ತಕ್ಷಣ ಮುಖ ತೊಳೆಯಿರಿ.

ಉದುರಿದ ಎಲೆ ಗುಡಿಸಿ ತೆಗೆಸಿ. ರೋಗ ಅದರಲ್ಲೂ ಉಳಿದುಕೊಳ್ಳುತ್ತದೆ, ಜೊತೆಗೆ ಒದ್ದೆ ಎಲೆರಾಶಿಯಲ್ಲಿ ಬೆಳೆಯುವ ಆಲ್ಟರ್ನೇರಿಯಾ, ಕ್ಲಾಡೋಸ್ಪೋರಿಯಂ ಎಂಬ ಬೂಷ್ಟುಗಳು ಗಾಳಿಗೇರಿ ಕೆಲವರಿಗೆ ಅಲರ್ಜಿ ತರುತ್ತವೆ. ಆ ಕೆಲಸ ನೀವು ಮಾಡಬೇಡಿ, ಮನೆಯಲ್ಲಿ ಅಲರ್ಜಿ ಇಲ್ಲದವರು ಎನ್-95 ಮಾಸ್ಕ್ ಹಾಕಿಕೊಂಡು ಮಾಡಲಿ. ಒಣಗಿದ ರೆಂಬೆಗಳನ್ನು ಚಳಿಗಾಲದಲ್ಲಿ, ಮಳೆಯಿಲ್ಲದ ದಿನ ಮರದ ಕೆಲಸ ಬಲ್ಲವರಿಂದ ಸವರಿಸಿ. ಅಷ್ಟೆತ್ತರದ ಮರಕ್ಕೆ ಔಷಧಿ ಹೊಡೆಸುವುದು ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಿಂದ ಬರೆಯುತ್ತಿದ್ದೇನೆ. ಹಿತ್ತಲಿನ ಸಿಕಮೋರ್ ಒಣಗುತ್ತಿದೆ. ತೊಗಟೆ ಎದ್ದಿದೆ, ಒಳಗೆ ಮಸಿಯಂಥ ಕಪ್ಪು ಪುಡಿ. ಈ ಶನಿವಾರ ನಾನೂ ಮಗನೂ ತೊಗಟೆ ಕಿತ್ತು ಸ್ವಚ್ಛ ಮಾಡೋಣ ಅಂತಿದ್ದೇವೆ.

ಉತ್ತರ: ಬೇಡ. ಮುಟ್ಟಲೇಬೇಡಿ, ಮಗನನ್ನೂ ದೂರವಿಡಿ. ನ್ಯೂಜೆರ್ಸಿಯವರಿಗೆ ರೋಗಕ್ಕೆ ಹೆದರಬೇಡಿ ಅಂದೆ, ನಿಮಗೆ ಹೆದರಿ ಅನ್ನುತ್ತೇನೆ. ಬ್ರಿಟನ್ನಿನಲ್ಲಿ ಸಿಕಮೋರ್ ಅಂದರೆ ಬೇರೆಯೇ ಮರ, ಅದು ಮೇಪಲ್ ಜಾತಿಯದು. ಅದಕ್ಕೆ ಸೂಟಿ ಬಾರ್ಕ್ ಎಂಬ ರೋಗ ಬರುತ್ತದೆ, ನಿಮ್ಮ ವರ್ಣನೆ ಅದಕ್ಕೆ ಸರಿಹೊಂದುತ್ತದೆ. ಬ್ರಿಟನ್ನಿನಲ್ಲಿ ಇದು ಮೊದಲು ಕಂಡಿದ್ದು 1945ರಲ್ಲಿ, ಲಂಡನ್ನಿನ ವಾನ್‌ಸ್ಟೆಡ್ ಪಾರ್ಕ್‌ನಲ್ಲಿ. ಬಿಸಿಲು, ಬರ ಹೆಚ್ಚಿದ ಬೇಸಿಗೆಗಳ ನಂತರ ಜಾಸ್ತಿಯಾಗುತ್ತದೆ.

ಆ ಕಪ್ಪು ಪುಡಿ ಅಷ್ಟೂ ಬೀಜಕಣಗಳೇ. ಒಣ ಪುಡಿ, ಕೈ ತಾಗಿದರೆ ಹೊಗೆಯಂತೆ ಏಳುತ್ತದೆ. ಅದನ್ನು ಉಸಿರಾಡಿದರೆ ಶ್ವಾಸಕೋಶವೇ ಊದಿಕೊಳ್ಳಬಹುದು: ಜ್ವರ, ಒಣ ಕೆಮ್ಮು, ಏದುಸಿರು. 1932ರಲ್ಲೇ ಅಮೆರಿಕದ ಮಿಷಿಗನ್‌ನಲ್ಲಿ ಮೇಪಲ್ ದಿಮ್ಮಿಗಳ ತೊಗಟೆ ಸುಲಿಯುವ ಕೆಲಸಗಾರರಲ್ಲಿ ಈ ಕಾಯಿಲೆಯನ್ನು ವೈದ್ಯರು ದಾಖಲಿಸಿದ್ದರು. ದೂರದಿಂದ ನೋಡಿದವರಿಗೆ ಇದು ಬರುವುದಿಲ್ಲ, ಕಡಿಯುವವರಿಗೆ, ಸುಲಿಯುವವರಿಗೆ ಅಪಾಯ. ಮರ ಕಡಿಯುವ ಪರಿಣತರಿಗೆ ಫೋನ್ ಮಾಡಿ, ಕಪ್ಪು ಪುಡಿಯ ವಿಷಯ ಮೊದಲೇ ಹೇಳಿ. ಒದ್ದೆ ವಾತಾವರಣದಲ್ಲಿ, ಸರಿಯಾದ ಮಾಸ್ಕ್ ಹಾಕಿಕೊಂಡು ಕಡಿಯುತ್ತಾರೆ. ಕಟ್ಟಿಗೆಯನ್ನು ಒಲೆಗೆ ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಈಗಾಗಲೇ ಕಿತ್ತು ನೋಡಿ ಕೆಮ್ಮು ಶುರುವಾಗಿದ್ದರೆ, ವೈದ್ಯರಿಗೆ ಮರದ ಮಾತನ್ನೂ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಪ್ರಶ್ನೆ: ಸಿಕಮೋರ್ ಅಂದರೆ ನಮ್ಮ ಅತ್ತಿ ಮರವೇ ಅಂತ ಓದಿದೆ. ಮೈಸೂರಿನ ನಮ್ಮ ಮನೆ ಪಕ್ಕ ಅತ್ತಿ ಇದೆ, ಮಗಳಿಗೆ ಮಳೆಗಾಲ ಮುಗಿದ ಮೇಲೆ ವಿಪರೀತ ಸೀನು. ಅದರಿಂದಲಾ?

ಉತ್ತರ: ಬೈಬಲ್ಲಿನ ಸಿಕಮೋರ್ ನಮ್ಮ ಅತ್ತಿಯ ಹತ್ತಿರದ ಸಂಬಂಧಿ, ನಿಜ. ಆದರೆ ಅತ್ತಿಯ ಹೂಗಳೆಲ್ಲ ಕಾಯಿಯೊಳಗೇ ಇರುತ್ತವೆ, ಅದರ ಪರಾಗ ಹೊರುವುದು ಒಂದು ಪುಟ್ಟ ಕಣಜ. ಗಾಳಿಗೆ ಅಲ್ಲಿ ಕೆಲಸವೇ ಇಲ್ಲ. ಅತ್ತಿಯನ್ನು ಬಿಡಿ, ಪಕ್ಕದ ಖಾಲಿ ಸೈಟ್ ನೋಡಿ. ಬಿಳಿ ಹೂ ಬಿಟ್ಟ ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದ್ದರೆ ನನ್ನ ಅನುಮಾನ ಅದರ ಮೇಲೆ. ಮುಂದಿನ ಮಳೆಗಾಲದಲ್ಲಿ ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಿಸಿ.