ಓದುಗರ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಗೋಸುಂಬೆಯ ಪಾಲನೆ

ಪ್ರಶ್ನೆ: ನಾನು ಅಮೆರಿಕದ ಆಸ್ಟಿನ್ ನಗರದಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ಊರು ಬಿಟ್ಟು ಹೊರಟ ಗೆಳತಿಯೊಬ್ಬಳು ತನ್ನ ಒಂದೂವರೆ ವರ್ಷದ ‘ವೇಲ್ಡ್’ ಜಾತಿಯ ಹೆಣ್ಣು ಗೋಸುಂಬೆಯನ್ನು ಜಾಲರಿ ಗೂಡಿನ ಸಮೇತ ನನಗೆ ಒಪ್ಪಿಸಿ ಹೋಗಿದ್ದಾಳೆ. ಅದಕ್ಕೆ ದಿನವೂ ಹತ್ತು ಹನ್ನೆರಡು ಕ್ರಿಕೆಟ್ ಹುಳು ಹಾಕುತ್ತಿದ್ದೇನೆ; ನನ್ನ ವಿದ್ಯಾರ್ಥಿವೇತನಕ್ಕೆ ಇದು ಭಾರ. ಅನ್ನ, ಬೇಯಿಸಿದ ಮೊಟ್ಟೆ ಕೊಡಬಹುದೆ? ಹುಲ್ಲುಹಾಸಿನ ಮಿಡತೆಗಳನ್ನು ಹಿಡಿದು ಹಾಕಬಹುದೆ? ನೇರಳಾತೀತ ದೀಪ ಹಳೆಯದಾಗಿದೆ. ಹೊಸದನ್ನು ಕೊಳ್ಳದೆ, ಗೂಡನ್ನು ಕಿಟಕಿಯ ಬಿಸಿಲಿಗಿಟ್ಟರೆ ಸಾಲದೆ?

ಉತ್ತರ: ನಿಮ್ಮ ಖರ್ಚಿನ ಬಹುಪಾಲು ಅತಿಯಾಗಿ ಉಣಿಸುವುದರಿಂದಲೇ ಬಂದಿದೆ. ಬೆಳೆದ ಹೆಣ್ಣಿಗೆ ವಾರದಲ್ಲಿ ಮೂರು ದಿನ, ಒಮ್ಮೆಗೆ ನಾಲ್ಕೈದು ಹುಳುಗಳಾದರೆ ಸಾಕು. ಈಗ ವಾರಕ್ಕೆ ಸುಮಾರು 75 ಹುಳು ಹಾಕುತ್ತಿರುವ ನೀವು, ಎರಡು ಮೂರು ವಾರಗಳಲ್ಲಿ ಮೆಲ್ಲಗೆ 15ಕ್ಕೆ ಇಳಿಸಿರಿ. ಇದು ಬಡತನದ ಉಪಾಯವಲ್ಲ, ಅದರ ಆರೋಗ್ಯಕ್ಕೇ ಬೇಕಾದದ್ದು. ಯೆಮೆನ್ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗದ ಮೂಲದ ಈ ಜಾತಿಯ ಹೆಣ್ಣುಗಳು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಇಡುತ್ತವೆ. ಆಹಾರವೂ ಶಾಖವೂ ಹೆಚ್ಚಾದಷ್ಟು ಮೊಟ್ಟೆಗಳ ಸಂಖ್ಯೆಯೂ ಏರಿ, ಒಂದೇ ಸಲಕ್ಕೆ 50ನ್ನೂ ಮೀರುವುದುಂಟು. ಆ ಮೊಟ್ಟೆಗಳ ಚಿಪ್ಪಿಗೆ ಬೇಕಾದ ಸುಣ್ಣದಂಶವೆಲ್ಲ ತಾಯಿಯ ಮೈಯಿಂದಲೇ ಹೋಗುತ್ತದೆ. ಆದ್ದರಿಂದ ಅದು ಬಿಸಿಲು ಕಾಯುವ ಕೊಂಬೆಯ ಮೇಲೆ ಉಷ್ಣತೆ 27–29 ಡಿಗ್ರಿ ಸೆಲ್ಸಿಯಸ್ ಮೀರದಂತೆ ಶಾಖದ ಬಲ್ಬಿನ ಎತ್ತರವನ್ನು ಹೊಂದಿಸಿರಿ.

ಮೊಟ್ಟೆ ಇಡಲು ತಾವು ಸಿಗದಿದ್ದರೆ ಮೊಟ್ಟೆಗಳು ಒಳಗೇ ಉಳಿದು ಪ್ರಾಣಕ್ಕೆ ಕುತ್ತು ಬರುತ್ತದೆ. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಅಗಲವಾದ ಬಕೆಟ್ಟಿನಲ್ಲಿ ತೊಳೆದ ಮರಳನ್ನು ಒಂದಡಿಯಷ್ಟು ತುಂಬಿ, ಬೆರಳಿನಿಂದ ತೋಡಿದ ಬಿಲ ಕುಸಿಯದಷ್ಟು ಮಾತ್ರ ತೇವ ಮಾಡಿ ಗೂಡಿನಲ್ಲಿಡಿ. ಅದು ಕೊಂಬೆ ಬಿಟ್ಟು ನೆಲದಲ್ಲಿ ಚಡಪಡಿಸತೊಡಗಿದರೆ ಗೂಡಿಗೆ ಬಟ್ಟೆ ಮುಚ್ಚಿ ದೂರವಿರಿ, ಏಕೆಂದರೆ ಯಾರಾದರೂ ನೋಡುತ್ತಿದ್ದಾರೆಂದು ತಿಳಿದರೆ ಅಗೆಯುವುದನ್ನೇ ಕೈಬಿಡುತ್ತದೆ. ಹಗಲಲ್ಲೂ ಕಣ್ಣು ಮುಚ್ಚಿ ಸುಸ್ತಾಗಿ ಕುಳಿತರೆ ಅದೇ ದಿನ ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹುಳುಗಳಲ್ಲಿ ಉಳಿಯುವ ಹಣವನ್ನು ಇದಕ್ಕೆಂದೇ ತೆಗೆದಿಡುವುದು ಜಾಣತನ.

ಅನ್ನ, ಮೊಟ್ಟೆ ಎರಡೂ ಬೇಡ. ಹುಲ್ಲುಹಾಸಿನ ಮಿಡತೆಗಳಲ್ಲಿ ಕೀಟನಾಶಕವೂ ಪರೋಪಜೀವಿಗಳೂ ಇರಬಹುದು. ಮಿಂಚುಹುಳುವಂತೂ ಹಲ್ಲಿಯ ಕುಲಕ್ಕೇ ಕಡುವಿಷ. ಅದರ ಬದಲು ಡ್ಯೂಬಿಯಾ ಜಿರಳೆಗಳನ್ನು ನೀವೇ ಸಾಕಿಕೊಳ್ಳಿ. ಜಿರಳೆ ಸಾಕುವ ಮಾತಿಗೆ ಮುಖ ಸಿಂಡರಿಸಬೇಡಿ: ಇವು ನುಣುಪಾದ ಪ್ಲಾಸ್ಟಿಕ್ ಡಬ್ಬಿಯ ಗೋಡೆಯನ್ನು ಹತ್ತಲಾರವು, ಕ್ರಿಕೆಟ್‌ಗಳಂತೆ ರಾತ್ರಿಯಿಡೀ ಕಿರಿಗುಟ್ಟುವುದೂ ಇಲ್ಲ. ಮೊಟ್ಟೆಯ ಖಾಲಿ ಟ್ರೇಗಳು, ಸುಮಾರು 30 ಡಿಗ್ರಿಯ ಬೆಚ್ಚನೆ, ಕ್ಯಾರೆಟ್ ಸಿಪ್ಪೆ, ಗೆಣಸು, ಸಾಸಿವೆ ಸೊಪ್ಪು ಇದ್ದರೆ ಕೆಲವು ತಿಂಗಳಲ್ಲಿ ಸಂಸಾರ ಬೆಳೆಯುತ್ತದೆ. ಹುಳು ತಿಂದದ್ದೇ ಗೋಸುಂಬೆಗೂ ಸೇರುವುದರಿಂದ ಸುಣ್ಣದಂಶವನ್ನು ಹಿಡಿದಿಡುವ ಪಾಲಕ್ ಸೊಪ್ಪನ್ನು ಕೊಡದಿರುವುದು ಒಳ್ಳೆಯದು. ಹುಳುವಿನ ಗಾತ್ರ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಗೂಡಿನಲ್ಲಿ ಒಂದು ದಾಸವಾಳದ ಗಿಡವಿಟ್ಟರೆ ಮರೆಯೂ ಆಯಿತು, ಆಗಾಗ ಎಲೆಯನ್ನೂ ಮೆಲ್ಲುತ್ತದೆ.

ಉಳಿತಾಯ ಮಾಡಲೇಬಾರದ ಎರಡು ವಸ್ತುಗಳೆಂದರೆ ದೀಪ ಮತ್ತು ಕ್ಯಾಲ್ಸಿಯಂ ಪುಡಿ. ಕಿಟಕಿಯ ಗಾಜು ಗೋಸುಂಬೆಗೆ ಬೇಕಾದ ನೇರಳಾತೀತ ಕಿರಣವನ್ನೇ ತಡೆಯುತ್ತದೆ. ಹಳೆಯ ಟ್ಯೂಬು ಕಣ್ಣಿಗೆ ಬೆಳಕು ಕೊಡುತ್ತಿದ್ದರೂ ಆ ಕಿರಣ ಕ್ಷೀಣಿಸಿರುತ್ತದೆ. ಅದಿಲ್ಲದೆ ಡಿ3 ಜೀವಸತ್ವ ತಯಾರಾಗದು, ಡಿ3 ಇಲ್ಲದೆ ಸುಣ್ಣದಂಶ ಮೈಗೆ ಹತ್ತದು. ಕೊನೆಗೆ ಎಲುಬು ಮೆತ್ತಗಾಗಿ ಕಾಲುಗಳು ಡೊಂಕಾಗುತ್ತವೆ. ಹಾಗಾಗಿ ‘ಟಿ5’ ಎಂಬ ತೆಳುವಾದ, ಉದ್ದನೆಯ ನೇರಳಾತೀತ ಟ್ಯೂಬನ್ನೇ ಕೊಂಡು ವರ್ಷಕ್ಕೊಮ್ಮೆ ಬದಲಿಸಿರಿ. 24 ವಾಟ್‌ನ ಟ್ಯೂಬು, 60 ವಾಟ್‌ನ ಶಾಖದ ಬಲ್ಬು ಎರಡನ್ನೂ ದಿನಕ್ಕೆ 12 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 30 ಯೂನಿಟ್ ವಿದ್ಯುತ್ ಬೇಕು. ರಾತ್ರಿ ಎರಡನ್ನೂ ಆರಿಸಿ. ಮನೆಯ ಉಷ್ಣತೆ 18 ಡಿಗ್ರಿಗೆ ಇಳಿದರೂ ತೊಂದರೆಯಿಲ್ಲ, ಅಂಗಡಿಯವರು ಹೇಳುವ ಕೆಂಪು ಬಲ್ಬು ವ್ಯರ್ಥ ಖರ್ಚು. ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ಪ್ರತಿ ಬಾರಿಯೂ, ಡಿ3 ಇರುವ ಜೀವಸತ್ವದ ಪುಡಿಯನ್ನು ತಿಂಗಳಿಗೆ ಎರಡು ಬಾರಿಯೂ ಹುಳುಗಳಿಗೆ ತೆಳುವಾಗಿ ಸವರಿರಿ.

ಗೋಸುಂಬೆ ಸಾಮಾನ್ಯವಾಗಿ ಬಟ್ಟಲಿನ ನೀರು ಕುಡಿಯದು, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಿಂದ ತೂತು ಮಾಡಿ ಗೂಡಿನ ಮೇಲಿಟ್ಟರೆ ಕಾಸಿಲ್ಲದೆ ಆ ಏರ್ಪಾಡು ಆಗುತ್ತದೆ. ಕಣ್ಣುಗುಡ್ಡೆ ಒಳಸೇರಿದರೆ ಅಥವಾ ಹಿಕ್ಕೆಯ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲದೆಂದು ತಿಳಿಯಿರಿ.

ಪ್ರಶ್ನೆ: ಚಿತ್ರದುರ್ಗದ ಬಳಿ ನಮ್ಮ ಹೊಲದ ಬೇಲಿಯಲ್ಲಿ ಸಿಕ್ಕ ಗೋಸುಂಬೆಯನ್ನು ಮಗ ಮನೆಗೆ ತಂದಿದ್ದಾನೆ. ಅದನ್ನೂ ಹೀಗೆಯೇ ಸಾಕಬಹುದೆ?

ಉತ್ತರ: ಸಾಕುವಂತಿಲ್ಲ. ನಮ್ಮ ನಾಡಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಹಿಡಿದಿಟ್ಟುಕೊಳ್ಳುವುದು ಅಪರಾಧ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿರಿ; ಇಲ್ಲವಾದರೆ ಇಂದೇ, ಬೆಳಕಿರುವಾಗಲೇ, ಸಿಕ್ಕಿದ ಅದೇ ಬೇಲಿಯ ಗಿಡಕ್ಕೆ ಮಗನ ಕೈಯಿಂದಲೇ ಬಿಡಿಸಿರಿ.