ಮನೆ ಮಾರೋದಕ್ಕೆ ಆನ್‌ಲೈನ್‌ನಲ್ಲಿ ವರ್ಚುವಲ್ ಟೂರ್ (ಮನೆಯೊಳಗೇ ಓಡಾಡಿದ ಹಾಗೆ ಪರದೆಯ ಮೇಲೆ ಸುತ್ತಲೂ ತಿರುಗಿಸಿ ನೋಡುವ ಚಿತ್ರಗಳು) ಹಾಕಿದರೆ ನಿಜವಾಗಿಯೂ ಉಪಯೋಗ ಇದೆಯಾ?

ಇದೆ. ಬೆಲೆ ಜಾಸ್ತಿ ಸಿಗುತ್ತದೆ ಅಂತಲ್ಲ. ಸುಮ್ನೆ ಬಂದು ನೋಡಿ ಹೋಗುವವರು ಕಡಿಮೆಯಾಗುತ್ತಾರೆ, ಅದೇ ದೊಡ್ಡ ಲಾಭ.

ಫೋಟೋದಲ್ಲಿ ಏನು ಕಾಣಬೇಕು ಅಂತ ತೀರ್ಮಾನಿಸುವವರು ಮಾರುವವರು. ಟೂರ್‌ನಲ್ಲಿ ನೋಡುವವರೇ ತಿರುಗಿ ತಿರುಗಿ ನೋಡುತ್ತಾರೆ. ಹತ್ತು ಫೋಟೋ ನೋಡಿದರೂ ಯಾವ ಕೋಣೆ ಯಾವುದಕ್ಕೆ ಅಂಟಿಕೊಂಡಿದೆ ಅಂತ ಗೊತ್ತಾಗುವುದಿಲ್ಲ. ಬಾತ್‌ರೂಮ್ ಬಾಗಿಲು ಊಟದ ಟೇಬಲ್ ಎದುರಿಗೇ ಇದೆ ಅಂದುಕೊಳ್ಳಿ. ಫೋಟೋದಲ್ಲಿ ಅದನ್ನು ಜಾಣತನದಿಂದ ಬಿಟ್ಟಿರುತ್ತಾರೆ. ಟೂರ್‌ನಲ್ಲಿ ಎರಡು ನಿಮಿಷ ಓಡಾಡಿದರೆ ಗೊತ್ತಾಗುತ್ತದೆ. ಬೇಡ ಅನ್ನಿಸಿದವರು ಅಲ್ಲೇ ಬಿಡುತ್ತಾರೆ. ಆಮೇಲೂ ಫೋನ್ ಮಾಡುವವರಿಗೆ ನಿಜವಾಗಿ ಆಸಕ್ತಿ ಇರುತ್ತದೆ. ದುಬೈನಲ್ಲಿ ಕೂತು ಬೆಂಗಳೂರಿನಲ್ಲಿ ಫ್ಲ್ಯಾಟ್ ಹುಡುಕುವವರಿಗಂತೂ ಇದು ತುಂಬಾ ಅನುಕೂಲ.

ತೆಗೆಯೋದು ಕಷ್ಟವಲ್ಲ. 360 ಡಿಗ್ರಿ ಕ್ಯಾಮೆರಾಗೆ ಸಾಮಾನ್ಯವಾಗಿ ಮುಂದೊಂದು, ಹಿಂದೊಂದು ಲೆನ್ಸ್ ಇರುತ್ತದೆ. ಎರಡರ ಚಿತ್ರವನ್ನೂ ಸಾಫ್ಟ್‌ವೇರ್ ಸೇರಿಸಿ ಹೊಲಿಯುತ್ತದೆ. ಕೋಣೆಯ ನಡುವೆ, ಕಣ್ಣಿನ ಎತ್ತರಕ್ಕೆ ಸ್ಟ್ಯಾಂಡ್ ಇಟ್ಟು, ನೀವು ಬಾಗಿಲಾಚೆ ಹೋಗಿ ಮೊಬೈಲ್‌ನಿಂದ ಕ್ಲಿಕ್ ಮಾಡಿದರಾಯಿತು. ಕನ್ನಡಿಯಲ್ಲಿ ಕ್ಯಾಮೆರಾ ಕಾಣುತ್ತದೆ, ಪರವಾಗಿಲ್ಲ. ಗೋಡೆ ಮೇಲಿನ ಮಕ್ಕಳ ಫೋಟೋ, ಮೇಜಿನ ಮೇಲಿನ ಕಾಗದಪತ್ರ ಮಾತ್ರ ಮೊದಲೇ ತೆಗೆದಿಡಿ.

ಒಂದು ತೊಂದರೆ ಇದೆ. ಈ ಲೆನ್ಸ್ ತುಂಬಾ ಅಗಲಕ್ಕೆ ನೋಡುತ್ತದೆ. ಹಾಗಾಗಿ ಹತ್ತಡಿ ಕೋಣೆಯೂ ಹಾಲ್‌ನಂತೆ ಕಾಣಬಹುದು, ಬಂದು ನೋಡಿದವರಿಗೆ ಬೇಜಾರಾಗುತ್ತದೆ. ಪ್ರತಿ ಕೋಣೆಯ ಅಳತೆಯನ್ನು ಅಡಿಯಲ್ಲಿ ಬರೆದುಬಿಡಿ. ಮುಂಬಾಗಿಲು ಯಾವ ದಿಕ್ಕಿಗಿದೆ ಅಂತಲೂ ಬರೆಯಿರಿ. ಟೂರ್ ನೋಡಿದರೆ ಅದು ತಿಳಿಯುವುದಿಲ್ಲ, ನಮ್ಮವರು ಮೊದಲು ಕೇಳೋದೇ ಅದನ್ನು, ಅಲ್ವಾ?